ಬೆಸುಗೆಗೆ ತಕ್ಕ ಫಲಕ ಯಾವುದು?

ರಾಯಬಾಗ ತಾಲ್ಲೂಕಿನ ಚಿಂಚಲಿಯ ವಿದ್ಯಾರ್ಥಿಯೊಬ್ಬನು, ಹೊಲದ ತೊಟ್ಟಿ ತುಂಬಿದೊಡನೆ ಗಂಟೆ ಬಾರಿಸುವ ಪುಟ್ಟ ವಿದ್ಯುನ್ಮಂಡಲವೊಂದನ್ನು ಕಟ್ಟಬಯಸಿದನೆನ್ನೋಣ. ಟ್ರಾನ್ಸಿಸ್ಟರು, ರೋಧಕಗಳನ್ನು ಅವನು ಎಚ್ಚರದಿಂದ ಆರಿಸುತ್ತಾನೆ. ಅವುಗಳನ್ನು ಕೂರಿಸುವ ಫಲಕವನ್ನು ಮಾತ್ರ ಕೈಗೆ ಸಿಕ್ಕಿದಂತೆ ಕೊಳ್ಳುತ್ತಾನೆ. ಮುಂದೆ ಗಂಟೆ ಮೌನವಾದಾಗ ದೋಷವು ಅನೇಕ ವೇಳೆ ಈ ಫಲಕದಲ್ಲಿಯೇ ಇರುತ್ತದೆ.

ಹಿಂದೆ ರೇಡಿಯೋ ಹವ್ಯಾಸಿಗಳು ಬ್ರೆಡ್ಡು ಕೊಯ್ಯುವ ಮರದ ಹಲಗೆಯ ಮೇಲೆಯೇ ಮಂಡಲಗಳನ್ನು ಕಟ್ಟುತ್ತಿದ್ದರು. ಇಂದಿನ ‘ಬ್ರೆಡ್‌ಬೋರ್ಡ್’ ಎಂಬ ಹೆಸರು ಬಂದುದು ಹೀಗೆ. ಇದಕ್ಕೆ ಬೆಸುಗೆ ಬೇಡ. ಒಳಗಿನ ಲೋಹದ ಹಿಡಿಕೆಗಳು ತಂತಿಯನ್ನು ಹಿಡಿದಿಡುತ್ತವೆ. ಪ್ರಯೋಗಕ್ಕೆ ಇದು ಉತ್ತಮ. ಆದರೆ ಪಂಪಿನ ಅದುರಿಗೆ ಹಿಡಿತ ಸಡಿಲವಾಗುವುದರಿಂದ ಶಾಶ್ವತವಾದ ಕೆಲಸಕ್ಕೆ ಬೆಸೆದ ಫಲಕವೇ ಬೇಕು.

ಬೆಸೆಯುವ ಫಲಕಗಳಲ್ಲಿ ಎರಡು ಬಗೆಯ ವಿನ್ಯಾಸಗಳುಂಟು. ಎರಡರಲ್ಲಿಯೂ ರಂಧ್ರಗಳ ಅಂತರ ಸಾಮಾನ್ಯವಾಗಿ 2.54 ಮಿಲಿಮೀಟರು, ಎಂದರೆ ಅಂಗುಲದ ಹತ್ತನೆಯ ಒಂದು ಪಾಲು. ಮೊದಲನೆಯದರಲ್ಲಿ ಪ್ರತಿ ರಂಧ್ರದ ಸುತ್ತ ತಾಮ್ರದ ಬಿಡಿ ಉಂಗುರವಿರುತ್ತದೆ. ಜೋಡಣೆಯ ತಂತಿಗಳನ್ನೆಲ್ಲ ನಾವೇ ಹಾಕಬೇಕು. ಎರಡನೆಯದರಲ್ಲಿ ತಾಮ್ರವು ಉದ್ದುದ್ದ ಪಟ್ಟಿಗಳಾಗಿರುವುದರಿಂದ ತಂತಿಗಳು ಕಡಿಮೆ ಸಾಕು. ಆದರೆ ಐ.ಸಿ.ಯ ಎರಡು ಸಾಲು ಕಾಲುಗಳ ನಡುವೆ ಪಟ್ಟಿಯನ್ನು ಕತ್ತರಿಸಲು ಮರೆತರೆ ಎದುರುಬದುರಿನ ಕಾಲುಗಳು ಒಂದಾಗಿಬಿಡುತ್ತವೆ.

ವಿನ್ಯಾಸಕ್ಕಿಂತಲೂ ಮುಖ್ಯವಾದುದು ಫಲಕದ ದ್ರವ್ಯ. ಅಗ್ಗದ ಕಂದು ಫಲಕವು ಫೀನಾಲಿಕ್ ರಾಳದಲ್ಲಿ ತೊಯ್ಸಿ ಒತ್ತಿದ ಕಾಗದ. ಕತ್ತರಿಸಲು ಸುಲಭ, ಆದರೆ ತೇವವನ್ನು ಹೀರುತ್ತದೆ. ಒಂದೇ ಕಡೆ ಮತ್ತೆ ಮತ್ತೆ ಕಾಯಿಸಿದರೆ ಅಂಟು ಸೋತು ತಾಮ್ರದ ಉಂಗುರ ಎದ್ದುಬರುತ್ತದೆ. ಗಾಜಿನ ನೂಲು ಮತ್ತು ಎಪಾಕ್ಸಿಯ ಫಲಕವು ಶಾಖವನ್ನೂ ತೇವವನ್ನೂ ಹೆಚ್ಚು ತಾಳುತ್ತದೆ. ರಂಧ್ರದ ಒಳಗೋಡೆಗೂ ಲೋಹ ಲೇಪಿಸಿದ್ದರೆ, ಎರಡೂ ಮುಖದ ಉಂಗುರಗಳು ರಿವೆಟ್ಟಿನಂತೆ ಕಚ್ಚಿಕೊಂಡು ಇನ್ನಷ್ಟು ಭದ್ರವಾಗುತ್ತವೆ. ಇದನ್ನು ಗರಗಸದಿಂದ ಕೊಯ್ಯುವಾಗ ಮಾತ್ರ ಗಾಜಿನ ಧೂಳು ಮೂಗಿಗೆ ಹೋಗದಂತೆ ಸೂಕ್ಷ್ಮ ಧೂಳನ್ನು ತಡೆಯುವ ಮುಖಗವಸು ಧರಿಸಬೇಕು.

ಆದುದರಿಂದ ತರಗತಿಯ ಅಭ್ಯಾಸಕ್ಕೆ ಕಂದು ಫಲಕ ಸಾಕು. ತೊಟ್ಟಿಯ ಬಳಿ ವರ್ಷಗಟ್ಟಲೆ ಇರಬೇಕಾದ ಗಂಟೆಗೆ ಗಾಜುನೂಲಿನ ಫಲಕವೇ ಯೋಗ್ಯ. ತಾಮ್ರ ಮಂಕಾಗಿದ್ದರೆ ರಬ್ಬರಿನಿಂದ ಉಜ್ಜಿ ಹೊಳೆಯಿಸಿ, 25 ವಾಟಿನ ಸಾಲ್ಡರಿಂಗ್ ಐರನ್ನಿನಿಂದ ಮೂರು ನಾಲ್ಕು ಸೆಕೆಂಡುಗಳಲ್ಲಿ ಬೆಸುಗೆ ಮುಗಿಸಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಪಟ್ಟಿಗಳ ನಡುವಣ ತೆರಪು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಬ್ಯಾಟರಿಯ 9 ವೋಲ್ಟಿಗೆ ಅದು ಧಾರಾಳ. ಮನೆಯ 230 ವೋಲ್ಟಿಗಾಗಲಿ ಪಂಪಿನ 415 ವೋಲ್ಟಿಗಾಗಲಿ ಏನೇನೂ ಸಾಲದು. ತೇವ, ಧೂಳು ಸೇರಿದರೆ ಅಲ್ಲಿ ಕಿಡಿ ಹಾರಬಹುದು, ಪ್ರಾಣವೂ ಹೋಗಬಹುದು. ನಮ್ಮ ಮಂಡಲವು ಗಂಟೆ ಬಾರಿಸಲಿ. ಪಂಪನ್ನು ನಿಲ್ಲಿಸುವ ಕೆಲಸವನ್ನು ಅದರ ಸ್ಟಾರ್ಟರಿಗೇ ಬಿಡೋಣ.