ಚಾಸಿಯ ಬಿರುಕು: ಬರೀ ವೆಲ್ಡಿಂಗ್ ಸಾಲದು

ಗುಡೇಕೋಟೆಯಲ್ಲಿ ನಮ್ಮ ಮನೆ ಮುಂದೆ ನಿಲ್ಲುವ ಲಾರಿ ನನ್ನ ಮಾಮುವಿನದು. ಆರು ಚಕ್ರದ ಹಳೇ ಗಾಡಿ. ಸುಗ್ಗಿಯಲ್ಲಿ ಶೇಂಗಾ, ಮೆಕ್ಕೆಜೋಳ, ಉಳಿದ ದಿನ ಜಲ್ಲಿ ಹೊರುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡಾಗ ಚಾಸಿಗೆ ಹೊಸ ಕಪ್ಪು ಬಣ್ಣ ಹೊಳೆಯುತ್ತಿತ್ತು. ಆರು ತಿಂಗಳಿಗೆ ಬಣ್ಣ ಉದುರಿ, ಹಿಂದಿನ ಸ್ಪ್ರಿಂಗ್ ಬ್ರಾಕೆಟ್ ಹತ್ತಿರ ಹಳೇ ವೆಲ್ಡಿಂಗ್ ಕಾಣಿಸಿತು. ಅದರ ಪಕ್ಕದಲ್ಲೇ ಕೂದಲೆಳೆಯಷ್ಟು ಹೊಸ ಬಿರುಕು. ಮಾಮು ಹತ್ತಿರದಲ್ಲೇ ಒಂದು ಕಡೆ ವೆಲ್ಡಿಂಗ್ ಹೊಡೆಸಿದರು, ಅರ್ಧ ಗಂಟೆಯ ಕೆಲಸ. ನಾಲ್ಕು ತಿಂಗಳಿಗೆ ಬೆಸುಗೆಯ ಅಂಚಿನಲ್ಲಿ ಮತ್ತೆ ಸೀಳಿತು.

ಆಮೇಲೆ ಲಾರಿಯನ್ನು ಹೊಸಪೇಟೆಗೆ ಒಯ್ದರು. ರಜೆ ಇದ್ದುದರಿಂದ ನಾನೂ ಹೋದೆ. ಅಲ್ಲಿನ ಮಿಸ್ತ್ರಿ ಅದಿರು ಲಾರಿಗಳ ಕಾಲದಲ್ಲಿ ಕೆಲಸ ಕಲಿತವರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ತನಕ ಈ ರಸ್ತೆಗಳಲ್ಲಿ ಮಿತಿಮೀರಿದ ಭಾರದ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದವು. ಮುರಿದ ಚಾಸಿ ಅವರಿಗೆ ಹೊಸದಲ್ಲ.

ಬಿರುಕು ಏಕೆ ಬರುತ್ತದೆ?

ಲಾರಿಯ ಚಾಸಿ ಏಣಿಯಂತಿರುತ್ತದೆ. ಉದ್ದಕ್ಕೆ ಎರಡು ಪಟ್ಟಿ, ನಡುವೆ ಅಡ್ಡಪಟ್ಟಿಗಳು. ಉದ್ದಪಟ್ಟಿಯನ್ನು ಅಡ್ಡ ಕತ್ತರಿಸಿ ನೋಡಿದರೆ ಇಂಗ್ಲಿಷಿನ 'ಸಿ' ಅಕ್ಷರದ ಆಕಾರ. ಭಾರ ಬಿದ್ದಾಗ ಅದು ಸ್ವಲ್ಪ ಬಾಗುತ್ತದೆ, ಇಳಿದಾಗ ನೆಟ್ಟಗಾಗುತ್ತದೆ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೆ ತುಂಡಾಗುವುದಿಲ್ಲವೇ? ಇಲ್ಲಿಯೂ ಅದೇ, ನಿಧಾನವಾಗಿ. ಬೋಲ್ಟಿನ ತೂತು, ರಿವೆಟ್, ಬ್ರಾಕೆಟ್, ಹಳೇ ಬೆಸುಗೆಯ ಕೊನೆ ಇಂಥ ಕಡೆ ಒತ್ತಡ ಒಂದೆಡೆ ಸೇರುವುದರಿಂದ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ಸರಿಯಾದ ರಿಪೇರಿ

ಮಿಸ್ತ್ರಿ ಮೊದಲು ವೆಲ್ಡಿಂಗ್ ಮಷಿನ್ ಮುಟ್ಟಲೇ ಇಲ್ಲ. ಬಿರುಕು ಏಕೆ ಬಂತೆಂದು ಹುಡುಕಿದರು. ಹಿಂದಿನ ಸ್ಪ್ರಿಂಗಿನ ಒಂದು ಪಟ್ಟಿ ಮುರಿದಿತ್ತು, ಯು-ಬೋಲ್ಟ್ ಸಡಿಲವಾಗಿತ್ತು. "ಇದನ್ನ ಬಿಟ್ಟು ಬಿರುಕು ಮುಚ್ಚಿದ್ರೆ ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದಂಗೆ" ಅಂದರು.

ನಂತರ ಬಣ್ಣ, ತುಕ್ಕು ಕೆರೆದು, ಬಿರುಕಿನ ಮೇಲೆ ಸೀಮೆಎಣ್ಣೆ ಸವರಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿದರು. ಒಳಗಿಳಿದ ಎಣ್ಣೆ ಸುಣ್ಣಕ್ಕೆ ಹತ್ತಿ ಗೆರೆ ಮೂಡಿತು. ಕಣ್ಣಿಗೆ ಕಂಡದ್ದಕ್ಕಿಂತ ಬಿರುಕು ಉದ್ದವಾಗಿತ್ತು! ಅದರ ತುದಿ ದಾಟಿ ಒಂದು ಸಣ್ಣ ತೂತು ಕೊರೆದರು. ಚೂಪಾದ ತುದಿಯಲ್ಲಿ ಒತ್ತಡ ಬಹಳ. ದುಂಡನೆಯ ತೂತಿನ ಸುತ್ತ ಅದು ಹರಡಿಕೊಳ್ಳುವುದರಿಂದ ಸೀಳು ಮುಂದೆ ಓಡುವುದಿಲ್ಲ.

ಲೋಡ್ ಇಲ್ಲದ ಗಾಡಿಯನ್ನು ಜಾಕ್ ಕೊಟ್ಟು ಪಟ್ಟಿ ನೇರ ಮಾಡಿದರು. ಬ್ಯಾಟರಿ ವೈರ್ ಬಿಚ್ಚಿ, ಡೀಸೆಲ್ ಪೈಪು, ಗಾಳಿ ಪೈಪುಗಳನ್ನು ದೂರ ಸರಿಸಿದರು. ಮಷಿನ್ನಿನ ಅರ್ತ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಿದರು. ದೂರ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದನ್ನೂ ಕೆಡಿಸುತ್ತದೆ. ಬಿರುಕನ್ನು ಗ್ರೈಂಡರಿನಿಂದ 'ವಿ' ಆಕಾರಕ್ಕೆ ಕೊರೆದು, ಒಣಗಿಸಿಟ್ಟ 7018 ರಾಡಿನಿಂದ ತಳದಿಂದ ತುಂಬಿಸಿದರು. ಮೊದಲ ಸಲ ತಪ್ಪಿದ್ದು ಇಲ್ಲೇ: ಬೆಸುಗೆ ಮೇಲ್ಮೈಯಲ್ಲಿ ಮಾತ್ರ ಕೂತಿತ್ತು. ಬೆಸುಗೆಗೆ ನೀರು ಹಾಕದೆ ತಾನಾಗಿ ಆರಲು ಬಿಟ್ಟು, ಉಬ್ಬನ್ನು ಉಜ್ಜಿ ಸಮ ಮಾಡಿದರು.

ಕೊನೆಗೆ ಒಳಗಿನಿಂದ ಬಲಕ್ಕೆ ಒಂದು ಪ್ಲೇಟ್. ಅದರ ತುದಿಗಳನ್ನು ನೆಟ್ಟಗೆ ಕತ್ತರಿಸದೆ ಓರೆಯಾಗಿ ಕತ್ತರಿಸಿದ್ದರು. ಗಟ್ಟಿ ಭಾಗ ತಟ್ಟನೆ ಮುಗಿದರೆ ಅಲ್ಲಿ ಹೊಸ ಬಿರುಕು ಏಳುತ್ತದೆ. ಪ್ಲೇಟನ್ನು ಪಟ್ಟಿಯ ನಿಂತ ಭಾಗಕ್ಕೆ ಬೋಲ್ಟ್ ಹಾಕಿ ಬಿಗಿದರು. ಮೇಲಿನ ಕೆಳಗಿನ ಮಡಿಕೆಗಳಿಗೆ ತೂತು ಹಾಕಲಿಲ್ಲ. ಎಳೆತ ಹೆಚ್ಚು ಬೀಳುವುದು ಅಲ್ಲೇ.

ಕಾರುಗಳಲ್ಲಿ ಬಹುಪಾಲಿಗೆ ಇಂಥ ಏಣಿ ಇಲ್ಲ, ತಗಡಿನ ಮೈಯೇ ಚಾಸಿ. ಬಿಎಂಡಬ್ಲ್ಯು ಕಂಪನಿಯ 'ಇ46' ಮಾದರಿಯ ಹಳೇ ಕಾರುಗಳು ವೇಗಕ್ಕೆ ಹೆಸರಾದರೂ, ಹಿಂದಿನ ಆಕ್ಸಲ್ ಜೋಡಿಸುವ ಜಾಗದ ತಗಡು ಸೀಳುವುದು ಅವುಗಳ ಪ್ರಸಿದ್ಧ ದೋಷ. ಅಲ್ಲಿಯೂ ಬಿರುಕು ಬೆಸೆದು, ಭಾರ ಹರಡುವಂತೆ ಪ್ಲೇಟ್ ಕೊಡುತ್ತಾರೆ. ಗಾಡಿ ಬೇರೆ, ನಿಯಮ ಒಂದೇ.

ಲೆಕ್ಕ ನೋಡಿದರೆ

ಕಾಮರ್ಸ್ ವಿದ್ಯಾರ್ಥಿಯಾದ್ದರಿಂದ ಇದನ್ನೂ ಹೇಳಬೇಕು. ಹಳೇ ಗಾಡಿ ಕೊಂಡು, ಓಡಿಸುವ ಮೊದಲೇ ಮಾಡಿಸಿದ ರಿಪೇರಿ ಬಂಡವಾಳ ವೆಚ್ಚ, ಅದು ಆಸ್ತಿಯ ಬೆಲೆಗೆ ಸೇರುತ್ತದೆ. ಓಡಿಸುತ್ತಿರುವಾಗ ಮಾಡಿಸಿದ್ದು ಆ ವರ್ಷದ ಲಾಭದಿಂದ ಕಳೆಯುವ ಖರ್ಚು. ಮಾಮುವಿನ ಎರಡು ಸಲದ ವೆಲ್ಡಿಂಗ್ ಎರಡನೆಯ ಬಗೆಗೇ ಬಂತು, ಹೋದ ಬಾಡಿಗೆ ದಿನಗಳು ಬೇರೆ. ಓವರ್‌ಲೋಡ್ ಹಾಕಿ ಗಳಿಸೋಣವೆಂದರೆ, 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಚಾಸಿ ಸೀಳುವುದು ಬೇರೆ.

ಮೊನ್ನೆ ಒಬ್ಬರು ಲಾರಿ ಕೇಳಲು ಬಂದರು. ಬಣ್ಣ ಹೊಡೆದರೆ ಏನೂ ಕಾಣುತ್ತಿರಲಿಲ್ಲ. ಮಾಮು ಅವರನ್ನು ಗಾಡಿಯ ಕೆಳಗೆ ಕರೆದುಕೊಂಡು ಹೋಗಿ ಟಾರ್ಚ್ ಹಾಕಿ ಪ್ಲೇಟ್ ತೋರಿಸಿದರು. ಅವರು ಬೆಲೆ ಇಳಿಸಿ ಕೇಳಿದರು, ವ್ಯಾಪಾರ ಕುದುರಲಿಲ್ಲ. ನನಗೆ ಬೇಸರವಾಯಿತು. ಮಾಮು ಮಾತ್ರ, "ಐಬು ಮುಚ್ಚಿ ಮಾರಿದ ದುಡ್ಡು ಮೈಗೆ ಹತ್ತಲ್ಲ ಬೇಟಾ. ನಮಗೆ ಮಾರಿದವರು ಹಾಗೇ ಮಾಡಿದ್ದಲ್ಲವಾ?" ಅಂದರು.

ನಿಮ್ಮ ಮನೆಯಲ್ಲಿ ಲಾರಿ, ಟ್ರ್ಯಾಕ್ಟರ್ ಟ್ರಾಲಿ, ಹಳೇ ಜೀಪು ಇದ್ದರೆ ಈ ಭಾನುವಾರ ಕೆಳಗೆ ಬಗ್ಗಿ ನೋಡಿ. ಬ್ರಾಕೆಟ್, ತೂತುಗಳ ಸುತ್ತ ಬಣ್ಣದಲ್ಲಿ ತೆಳ್ಳನೆಯ ತುಕ್ಕಿನ ಗೆರೆ ಕಂಡರೆ ತೊಳೆದು ಸುಮ್ಮನಾಗಬೇಡಿ, ಮನೆಯವರಿಗೆ ಹೇಳಿ. ಆ ಗಾಡಿಯಲ್ಲಿ ಕೂರುವವರು ನಮ್ಮವರೇ.