ಯಾರ ಲಾರಿ ಹತ್ತಲಿ ನಿಮ್ಮ ಮಗ?

ನಿಮ್ಮ ಮಗನೋ ತಮ್ಮನೋ ಹೆವಿ ಲೈಸೆನ್ಸ್ ತಂದು, ದೇವರ ಮುಂದಿಟ್ಟು, ನಿಮ್ಮ ಕಾಲಿಗೆ ಬಿದ್ದನೆನ್ನಿ. ಸಂತೋಷವೇ ಸರಿ. ಆದರೆ ಮರುದಿನವೇ ಶುರುವಾಗುತ್ತದೆ ನೋಡಿ ಚಿಂತೆ, ಯಾರ ಲಾರಿ ಹತ್ತಿಸುವುದು? ಹೆಣ್ಣು ಕೊಡುವಾಗ ಹತ್ತು ಕಡೆ ವಿಚಾರಿಸುವ ನಾವು, ಗಂಡುಮಗನನ್ನು ಲಾರಿ ಮಾಲೀಕರಿಗೆ ಒಪ್ಪಿಸುವಾಗ ಒಂದು ಮಾತೂ ಕೇಳುವುದಿಲ್ಲವಲ್ಲ!

ನಮ್ಮದು ದಾವಣಗೆರೆ. ಇಲ್ಲಿ ಎ.ಪಿ.ಎಂ.ಸಿ.ಗೆ ಬರುವ ಮೆಕ್ಕೆಜೋಳ, ಅಕ್ಕಿ ಗಿರಣಿಗಳು. ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರ. ಅಲ್ಲಿ ತುಂಗಭದ್ರೆ ದಾಟಿದರೆ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ. ಲಾರಿಗಳಿಗೆ ಬರವಿಲ್ಲ. ಹಾಗಾಗಿ ಲೈಸೆನ್ಸ್ ಬಂದ ವಾರದಲ್ಲೇ ನನ್ನ ಮಗನನ್ನು ಮೂರು ಕಡೆಯಿಂದ ಕರೆದರು. ಇಪ್ಪತ್ತು ತುಂಬಿರಬೇಕು, ಕಾರಿನ ಲೈಸೆನ್ಸ್ ಪಡೆದು ಒಂದು ವರ್ಷ ಕಳೆದಿರಬೇಕು, ಆಮೇಲೆಯೇ ಲಾರಿಗೆ ಎಲ್.ಎಲ್. ಕೊಡುವುದು. ಅಷ್ಟು ದಿನ ಕಾದ ಹುಡುಗನಿಗೆ ಯಾರು ಕರೆದರೂ ಓಡಿಹೋಗುವ ಆತುರ!

ಮೊದಲು ಬಂದವರು ಒಬ್ಬ ಏಜೆಂಟರು. ಐವತ್ತು ಸಾವಿರ ಮುಂಗಡ ಈಗಲೇ ಕೊಡ್ತೀನಿ ಅಂದರು. ಒಂದೇ ಷರತ್ತು, ಲೈಸೆನ್ಸ್ ಅವರ ಆಫೀಸಿನಲ್ಲಿರಬೇಕು. ನಮ್ಮ ಮನೆಯ ಹಂಚು ಸೋರುತ್ತಿತ್ತು, ಮಗಳ ಕಾಲೇಜಿನ ಫೀಸು ಬಾಕಿಯಿತ್ತು. ನಮ್ಮನೆಯವರು, “ಇಸ್ಕೊಳ್ಳಲಿ ಬಿಡೇ, ಎಲ್ರೂ ಇಸ್ಕೊಂತಾರೆ” ಅಂದರು. ನನಗೂ ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು.

ಆದರೆ ನಾನು ಲಾರಿ ಡ್ರೈವರ್ ಮಗಳು. ನಾನು ಏಳನೇ ತರಗತಿಯಲ್ಲಿದ್ದಾಗ ಅಪ್ಪ ನಮ್ಮತ್ತೆಯ ಮದುವೆಗೆಂದು ಮಾಲೀಕರಿಂದ ಮುಂಗಡ ತಂದಿದ್ದರು. ಎರಡು ರಾತ್ರಿ ನಿದ್ದೆಗೆಟ್ಟು ಬಂದವರಿಗೆ ಮೂರನೇ ರಾತ್ರಿಯೂ ಲೋಡು ಹಾಕಿಸಿದರು. ಸಾಲ ಮೈಮೇಲಿದ್ದವನು ಒಲ್ಲೆ ಅನ್ನುವುದು ಹೇಗೆ? ಹಿರಿಯೂರು ದಾಟಿದ ಮೇಲೆ ಕಣ್ಣು ಹತ್ತಿತು, ಲಾರಿ ಮಗುಚಿತು, ಕಾಲು ಮುರಿಯಿತು. ಆಸ್ಪತ್ರೆಯ ಖರ್ಚನ್ನೂ ಮುಂಗಡದ ಲೆಕ್ಕಕ್ಕೇ ಬರೆದರು! ಅದು ತೀರಲು ನಾಲ್ಕು ವರ್ಷ ಬೇಕಾಯಿತು. ಅವ್ವ ಆಗ ಮಂಡಕ್ಕಿ ಭಟ್ಟಿಗೆ ಕೂಲಿಗೆ ಹೋದಳು.

ಮುಂಗಡ ಬೇಡ ಅಂದೆ. ಲೈಸೆನ್ಸಂತೂ ಮಗನ ಜೇಬಿನಲ್ಲೇ ಇರಬೇಕು. ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದರೆ ತೋರಿಸಬೇಕಾದವನು ಅವನೇ ತಾನೇ? ಅದನ್ನು ಮಾಲೀಕರ ಪೆಟ್ಟಿಗೆಯಲ್ಲಿಟ್ಟರೆ ಕೆಲಸ ಬಿಡುವ ದಾರಿಯೇ ಮುಚ್ಚಿದಂತೆ.

ಎರಡನೆಯವರು ಹರಿಹರದವರು, ಬೀಗರ ಕಡೆಯ ಪರಿಚಯ. ಸಂಬಳವಿಲ್ಲ, ಟ್ರಿಪ್ಪಿನ ಬಾಡಿಗೆಯಲ್ಲಿ ಪಾಲು. ಕೇಳಲು ಚೆಂದ. ಮೂರನೆಯವರದು ದಾವಣಗೆರೆಯಲ್ಲೇ ಆರು ಲಾರಿ, ತಿಂಗಳ ಸಂಬಳ ಕಡಿಮೆ, ಬಾಟಾ ಬೇರೆ. ಮೊದಲ ಮೂರು ತಿಂಗಳು ಹಳೆ ಡ್ರೈವರ್ ಜೊತೆಗೇ ಹೋಗಬೇಕು ಅಂದರು. ಮಗನಿಗೆ ಅದು ಅವಮಾನ. “ಲೈಸೆನ್ಸ್ ಇಟ್ಕೊಂಡು ಕ್ಲೀನರ್ ಸೀಟಲ್ಲಿ ಕೂರ್ಲೇನಮ್ಮ?” ಎಂದು ಮುಖ ಊದಿಸಿಕೊಂಡ.

ನಾನೊಂದು ಉಪಾಯ ಮಾಡಿದೆ. ಮಾಲೀಕರನ್ನು ಕೇಳಿದರೆ ಯಾರಾದರೂ ತಮ್ಮ ಮೊಸರು ಹುಳಿ ಅಂತಾರೆಯೇ? ಅವರ ಡ್ರೈವರ್‌ಗಳ ಹೆಂಡಂದಿರನ್ನು ಕೇಳಬೇಕು! ಹರಿಹರೇಶ್ವರನ ದರ್ಶನದ ನೆಪದಲ್ಲಿ ಬಸ್ಸು ಹತ್ತಿದೆ. ವಿಳಾಸ ಹುಡುಕಿ ಹೋದ ಮನೆಯ ಹೆಣ್ಣುಮಗಳು ಚಹಾ ಕೊಟ್ಟಳು. “ನಿಮ್ಮನೆಯೋರು ತಿಂಗಳಿಗೆ ಎಷ್ಟು ರಾತ್ರಿ ಮನೇಲಿ ಮಲಗ್ತಾರಮ್ಮ?” ಎಂದೆ. ಲೋಟ ಕೆಳಗಿಟ್ಟು ನಕ್ಕಳು. “ಸಾವ್ಕಾರ್ರು ಮಾತಿಗೆ ಒಳ್ಳೇರೇ ಅಕ್ಕಾ. ಆದ್ರೆ ಲೋಡು ಇಳೀದೆ ಮೂರು ದಿನ ನಿಂತ್ರೆ ಬಾಟಾ ಇಲ್ಲ. ಚೀಲ ಕಮ್ಮಿ ಬಂದ್ರೆ ಇವ್ರ ಲೆಕ್ಕದಾಗೆ ಹಿಡೀತಾರೆ. ಪಾಲಿನ ಆಸೆಗೆ ಇವ್ರು ನಿದ್ದೀನೇ ಮಾಡಲ್ಲ.”

ನೋಡಿದಿರಾ? ಪಾಲಿನ ಲೆಕ್ಕದಲ್ಲಿ ಮಾಲೀಕರು ಓಡು ಅನ್ನಬೇಕಿಲ್ಲ, ಹುಡುಗ ತಾನೇ ಓಡುತ್ತಾನೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ದಿನಕ್ಕೆ ಎಂಟು ಗಂಟೆ ದುಡಿಮೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಎಂದಿತ್ತು. ಕಾಯಿದೆ ಬಂದಾಗಿನಿಂದ ನಮ್ಮಪ್ಪನಂಥವರು ಎಷ್ಟು ಮಂದಿ ನಿದ್ದೆಗೆಟ್ಟರೋ! 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಂತೆ, ಒಳ್ಳೆಯದೇ. ಆದರೆ ಹೊಸಬನ ಕೈಗೆ ಹೊಸ ಲಾರಿ ಕೊಡುವವರು ಯಾರು?

ಓವರ್‌ಲೋಡ್ ವಿಚಾರವನ್ನೂ ಮರೆಯದೆ ಕೇಳಿ. 2019ರ ತಿದ್ದುಪಡಿಯ ನಂತರ ಇದಕ್ಕೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನೊಂದಕ್ಕೆ 2,000. ಓಡಿಸಲು ಬಿಟ್ಟವರಷ್ಟೇ ಅಲ್ಲ, ಓಡಿಸಿದವನೂ ಕಾಯಿದೆಯ ಕೈಗೆ ಸಿಗುತ್ತಾನೆ. ತೂಕದ ಚೀಟಿ ನೋಡದೆ ಗಾಡಿ ತೆಗೆಯಬೇಡ ಎಂದು ಮಗನಿಗೆ ಹೇಳಿಕೊಟ್ಟೆ. ಇನ್ಶೂರೆನ್ಸ್, ಎಫ್.ಸಿ. ಚಾಲ್ತಿಯಲ್ಲಿವೆಯೇ ಎಂದು ಅವನೇ ಓದಿ ನೋಡಲಿ. ಪಂಕ್ಚರ್, ದಂಡ ಯಾರ ತಲೆಗೆ ಎಂಬುದನ್ನು ಮೊದಲೇ ನಾಲ್ಕು ಜನರೆದುರು ಮಾತಾಡಿಕೊಳ್ಳಿ. ಸಂಕೋಚಪಟ್ಟರೆ ಆಮೇಲೆ ಅಳುವವರು ನಾವೇ.

ಆರು ಲಾರಿಯವರ ಬಗ್ಗೆಯೂ ಇಬ್ಬರು ಹೆಂಗಸರನ್ನು ಕೇಳಿದೆ. ಒಬ್ಬಾಕೆ “ಸಂಬಳ ಒಂದೆರಡು ದಿನ ತಡ ಆಗ್ತತಿ, ತಪ್ಪಲ್ಲ” ಅಂದಳು. ಇನ್ನೊಬ್ಬಾಕೆಯ ಗಂಡ ಒಂಬತ್ತು ವರ್ಷದಿಂದ ಅಲ್ಲೇ ಇದ್ದಾರೆ. ಅಷ್ಟು ಸಾಕಾಯಿತು.

ಮಗ ಅಲ್ಲೇ ಸೇರಿದ. ಮೊದಲ ಟ್ರಿಪ್ಪು ಮಂಗಳೂರಿಗೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟೆ, ವಾರವಾದರೂ ಕೆಡುವುದಿಲ್ಲ. ಶಿರಾಡಿ ಘಾಟಿಯಲ್ಲಿ ಮಳೆ, ಮಂಜು. ಗೇರು ಇಳಿಸದೆ ಬ್ರೇಕನ್ನೇ ತುಳಿಯುತ್ತ ಹೋದರೆ ಬ್ರೇಕು ಕಾದು ಹಿಡಿಯುವುದೇ ಇಲ್ಲವೆಂದು ಹಳೆ ಡ್ರೈವರ್ ಹೇಳಿಕೊಟ್ಟರಂತೆ. “ಒಬ್ನೇ ಹೋಗಿದ್ರೆ ಕಷ್ಟ ಇತ್ತಮ್ಮ” ಎಂದು ರಾತ್ರಿ ಫೋನಿನಲ್ಲಿ ಮೆಲ್ಲಗೆ ಒಪ್ಪಿಕೊಂಡ.

ಮಗಳ ಫೀಸನ್ನು ಎರಡು ಕಂತಿನಲ್ಲಿ ಕಟ್ಟಿದೆವು. ಹಂಚಿನ ಕೆಳಗೆ ಈ ಮಳೆಗಾಲಕ್ಕೂ ಬಕೆಟ್ ಇಟ್ಟಿದ್ದೇನೆ.