ಹಿಂಗಾರಿಗೆ ಮುನ್ನ ನೆಲಮಾಳಿಗೆಯ ಪಂಪು ನೋಡಿಕೊಳ್ಳಿ

ತಿರುಪ್ಪೂರು: 2011ರ ನವೆಂಬರ್ ಮಳೆಗೆ ತಿರುಪ್ಪೂರಿನ ತಗ್ಗು ಪ್ರದೇಶಗಳು ಜಲಾವೃತವಾಗಿದ್ದವು. ಕೊಯಮತ್ತೂರು, ತಿರುಪ್ಪೂರುಗಳಲ್ಲಿ ನೆಲಮಾಳಿಗೆಯಲ್ಲಿ ಬನಿಯನ್ ದಾಸ್ತಾನು, ಮೀಟರ್ ಬೋರ್ಡು ಇಟ್ಟವರಿಗೆ ನಷ್ಟದ ಜೊತೆಗೆ ಜೀವಭಯವೂ ಉಂಟು.

ನೆಲದ ಅತಿ ತಗ್ಗಿನ ಮೂಲೆಯಲ್ಲಿ ಸುಮಾರು ಎರಡಡಿ ಆಳದ ಗುಂಡಿ ತೆಗೆದು ಪಂಪು ಇಳಿಸಬೇಕು. ಇದು ಕುಡಿಯುವ ನೀರಿನ ಸಂಪ್ ಅಲ್ಲ. ಗುಂಡಿಯಲ್ಲಿ ನೀರು ಏರಿದಂತೆ ಫ್ಲೋಟ್ ಸ್ವಿಚ್ ಮೇಲೆದ್ದು ಪಂಪನ್ನು ಚಾಲೂ ಮಾಡುತ್ತದೆ. ಪೈಪಿನ ನೀರು ಹಿಂದಕ್ಕೆ ಬರದಂತೆ ನಾನ್ ರಿಟರ್ನ್ ವಾಲ್ವ್ ಅಗತ್ಯ.

ಅಕ್ಟೋಬರ್‌ಗೆ ಮುನ್ನವೇ ಗುಂಡಿಯ ಕೆಸರು, ನೂಲಿನ ಚೂರು ತೆಗೆದು, ಬಕೆಟ್‌ಗಳಲ್ಲಿ ನೀರು ಸುರಿದು ಪರೀಕ್ಷಿಸಿ. ಜೋರು ಮಳೆಯಲ್ಲಿ ಕರೆಂಟ್ ಹೋದರೆ ಪಂಪೂ ನಿಲ್ಲುತ್ತದೆ. ಆದ್ದರಿಂದ ಇನ್ವರ್ಟರ್ ಮೇಲಿನ ಅಂತಸ್ತಿನಲ್ಲಿರಲಿ.

ನೀರು ನಿಂತಿದ್ದರೆ ಮೇನ್ ಸ್ವಿಚ್ ಆರಿಸದೆ ಕೆಳಗಿಳಿಯಬೇಡಿ. ಸ್ವಿಚ್ಚೇ ಕೆಳಗಿದ್ದರೆ ವಿದ್ಯುತ್ ಕಚೇರಿಯವರು ಲೈನ್ ಕಡಿಯುವವರೆಗೆ ಕಾಯಿರಿ.